ಮಾಡಿಫೈ ಮಾಡಿದ ಪೇಂಟ್‌ಬಾಲ್ ಮಾರ್ಕರ್ ಒದೆಯುತ್ತಿದೆಯೇ? ಸ್ಪ್ರಿಂಗ್, ಗಾಳಿ, ತೂಕ: ಮೊದಲು ಯಾವುದಕ್ಕೆ ಕೈ ಹಾಕಬೇಕು

ಒಂದರ ಮೇಲೊಂದು ಬಿಡಿಭಾಗ ಹಾಕಿಸಿಕೊಂಡ ಮಾರ್ಕರ್ (ಬಣ್ಣದ ಗುಂಡು ಹಾರಿಸುವ ಬಂದೂಕು), ಕಾರ್ಖಾನೆಯಿಂದ ಬಂದ ಹಾಗೇ ಇರುವ ಮಾರ್ಕರ್‌ಗಿಂತ ಜೋರಾಗಿ ಒದೆಯುವುದುಂಟು. ಟಿಪ್‌ಮನ್ 98 ಕಸ್ಟಮ್, ಕಿಂಗ್‌ಮನ್ ಸ್ಪೈಡರ್ ಥರದ ಹಳೆಯ ಗಟ್ಟಿ ಮಾಡೆಲ್‌ಗಳಲ್ಲಿ ಇದು ತೀರಾ ಸಾಮಾನ್ಯ. ಯಾರೋ ಗಟ್ಟಿ ಸ್ಪ್ರಿಂಗ್ ಹಾಕಿರುತ್ತಾರೆ, ಇನ್ಯಾರೋ ಹಗುರ ಬೋಲ್ಟ್ (ಗುಂಡನ್ನು ಬ್ಯಾರೆಲ್ ಒಳಗೆ ದೂಡುವ ಭಾಗ) ಕೂರಿಸಿರುತ್ತಾರೆ, ಮೂರನೆಯವರು ಗಾಳಿಯ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಸೇರಿಸಿ ಮಾರಿರುತ್ತಾರೆ. ಪ್ರತಿಯೊಂದು ಭಾಗವೂ ತನ್ನಷ್ಟಕ್ಕೆ ಒಳ್ಳೆಯದೇ. ಆದರೆ ಒಂದಕ್ಕೊಂದು ಹೊಂದಿಕೊಂಡಿಲ್ಲ. ಈ ಸ್ಥಿತಿಯಲ್ಲಿ ಮತ್ತೊಂದು ಭಾಗ ಕೊಂಡು ಸೇರಿಸುವುದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ. ಇರುವ ಭಾಗಗಳ ನಡುವೆ ಹೊಂದಾಣಿಕೆ ತಂದರೆ ಒದೆತದ ಬಹುಪಾಲು ಇಳಿಯುತ್ತದೆ. ಈ ಬರಹದಲ್ಲಿ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿರುವುದು ಆ ದೃಷ್ಟಿಯಿಂದಲೇ.

ಒದೆತ ಹುಟ್ಟುವುದು ಎಲ್ಲಿ

ಪೇಂಟ್‌ಬಾಲ್ ಅಂದರೆ ಸುಮಾರು 3 ಗ್ರಾಂ ತೂಕದ .68 ಕ್ಯಾಲಿಬರ್ ಗುಂಡು. ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್ ವೇಗದಲ್ಲಿ ಹೊರಡುತ್ತದೆ. ತೂಕ ಮತ್ತು ವೇಗವನ್ನು ಗುಣಿಸಿದರೆ ಅದರ ಸಂವೇಗ ಸೆಕೆಂಡಿಗೆ 0.26 ಕೆಜಿ-ಮೀಟರ್‌ನಷ್ಟು. ಗಾಳಿಯ ಟ್ಯಾಂಕ್, ಗುಂಡು ತುಂಬುವ ಹಾಪರ್ ಎಲ್ಲ ಸೇರಿ ಎರಡೂವರೆ ಕೆಜಿ ತೂಗುವ ಮಾರ್ಕರ್‌ಗೆ ಇದು ಕೊಡುವ ಹಿನ್ನೂಕು ಸೆಕೆಂಡಿಗೆ 10 ಸೆಂಟಿಮೀಟರ್ ಮಾತ್ರ. ಕೈಗೆ ಗೊತ್ತಾಗುತ್ತದೆ, ಆದರೆ ಗುರಿ ಕೆಡಿಸುವಷ್ಟು ದೊಡ್ಡದಲ್ಲ.

ಹಾಗಾದರೆ ಮಿಕ್ಕ ಒದೆತ ಎಲ್ಲಿಂದ? ಒಳಗೆ ಓಡಾಡುವ ಕಬ್ಬಿಣದಿಂದ. ಬ್ಲೋಬ್ಯಾಕ್ ಅಂದರೆ ಹೊಡೆತದ ಗಾಳಿಯೇ ಹ್ಯಾಮರನ್ನು ಹಿಂದಕ್ಕೆ ತಳ್ಳಿ ಮುಂದಿನ ಗುಂಡಿಗೆ ಸಿದ್ಧಮಾಡುವ ಮಾರ್ಕರ್. ಅದರ ಹ್ಯಾಮರ್, ಅಂದರೆ ಬಡಿದು ವಾಲ್ವ್ ತೆರೆಯುವ ಲೋಹದ ತುಂಡು, ಗುಂಡಿಗಿಂತ ಹತ್ತಾರು ಪಟ್ಟು ಭಾರ. ಲೆಕ್ಕಕ್ಕಾಗಿ 100 ಗ್ರಾಂ ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಅದರ ಸಂವೇಗವೇ 0.4, ಗುಂಡಿನದಕ್ಕಿಂತ ಜಾಸ್ತಿ. ಟ್ರಿಗರ್ ಎಳೆದಾಗ ಹ್ಯಾಮರ್ ಮುಂದೆ ನುಗ್ಗಿ ಗಾಳಿ ಬಿಡುವ ವಾಲ್ವ್‌ಗೆ ಬಡಿದು ನಿಲ್ಲುತ್ತದೆ. ಬಸ್ಸು ದಿಢೀರ್ ಬ್ರೇಕ್ ಹಾಕಿದಾಗ ನಿಂತವರು ಮುಂದೆ ವಾಲುವ ಹಾಗೆ ಮಾರ್ಕರ್ ಇಡಿಯಾಗಿ ಮುಂದಕ್ಕೆ ಜಗ್ಗುತ್ತದೆ. ಆಮೇಲೆ ಗಾಳಿ ಗುಂಡನ್ನು ಮುಂದೆ ತಳ್ಳುವುದರ ಜೊತೆಗೇ ಹ್ಯಾಮರನ್ನು ಹಿಂದಕ್ಕೆಸೆಯುತ್ತದೆ. ಅದು ಹಿಂಬದಿಯ ಮುಚ್ಚಳಕ್ಕೆ ಹೋಗಿ ಬಡಿದಾಗ ಮಾರ್ಕರ್ ಭುಜದ ಕಡೆಗೆ ಒದೆಯುತ್ತದೆ. ಈ ಓಡಾಟವೆಲ್ಲ ನಮ್ಮ ಹಿಡಿಕೆಗಿಂತ ಮೇಲೆ ನಡೆಯುವುದರಿಂದ ಬ್ಯಾರೆಲ್‌ನ ಮೂತಿಯೂ ಏಳುತ್ತದೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಮಾರ್ಕರ್ ಮುಂದಕ್ಕೆ ಜಗ್ಗುತ್ತಿದೆಯೋ, ಹಿಂದಕ್ಕೆ ಒದೆಯುತ್ತಿದೆಯೋ? ಎರಡರ ಮದ್ದೂ ಬೇರೆ ಬೇರೆ.

ತಿಳಿಯಲು ಸುಲಭದ ಪರೀಕ್ಷೆಯಿದೆ. ಗುಂಡು ತೆಗೆಯಿರಿ, ಟ್ಯಾಂಕ್ ಬಿಚ್ಚಿ, ಒಳಗುಳಿದ ಗಾಳಿಯನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ. ಬ್ಯಾರೆಲ್ ಕವರ್ ಬ್ಯಾರೆಲ್ ಮೇಲೆ, ಮಾಸ್ಕ್ ಮುಖದ ಮೇಲೆ ಇರಲಿ. ಕಾಕ್ ಮಾಡಿ (ಹ್ಯಾಮರನ್ನು ಹಿಂದಕ್ಕೆಳೆದು ಕೂರಿಸಿ) ಟ್ರಿಗರ್ ಎಳೆಯಿರಿ. ಈಗ ಕೈಗೆ ಬಂದದ್ದು ಸ್ಪ್ರಿಂಗ್ ಮತ್ತು ಹ್ಯಾಮರ್‌ನ ಮುಂದಿನ ಬಡಿತ ಮಾತ್ರ. ಆಡುವಾಗ ಅನುಭವಕ್ಕೆ ಬರುವ ಒದೆತದ ಹೆಚ್ಚಿನ ಪಾಲು ಇದೇ ಅನ್ನಿಸಿದರೆ ತೊಂದರೆ ಸ್ಪ್ರಿಂಗ್‌ನಲ್ಲಿ ಅಥವಾ ಹ್ಯಾಮರ್‌ನಲ್ಲಿ ಇದೆ. ಇದು ಮೆತ್ತಗಿದ್ದು ಗಾಳಿ ಹಾಕಿದಾಗ ಮಾತ್ರ ಭುಜಕ್ಕೆ ಗುದ್ದುತ್ತಿದ್ದರೆ, ಹಿಂದಕ್ಕೆ ಹೋಗುವ ಗಾಳಿ ಅಗತ್ಯಕ್ಕಿಂತ ಜಾಸ್ತಿಯಾಗಿದೆ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ಪಕ್ಕದಿಂದ ಚಿತ್ರೀಕರಿಸಿದರೆ ಇನ್ನೂ ಸ್ಪಷ್ಟ: ಬ್ಯಾರೆಲ್ ಮೊದಲು ಯಾವ ಕಡೆಗೆ ಸರಿಯಿತು, ಯಾವಾಗ ಮೇಲೆದ್ದಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಮೊದಲ ಆಯ್ಕೆ: ಕಾರ್ಬನ್ ಡೈಆಕ್ಸೈಡೋ, ಎಚ್‌ಪಿಎಯೋ

ನನ್ನ ಮಟ್ಟಿಗೆ ಇಲ್ಲಿಂದಲೇ ಶುರುವಾಗಬೇಕು, ಯಾಕೆಂದರೆ ಗಾಳಿಯ ಒತ್ತಡ ನಿಲ್ಲದೆ ಬೇರೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ಟ್ಯಾಂಕಿನೊಳಗೆ ದ್ರವವಾಗಿರುತ್ತದೆ. ಅದರ ಒತ್ತಡವನ್ನು ತೀರ್ಮಾನಿಸುವುದು ಹವಾಮಾನ. 0 ಡಿಗ್ರಿ ಚಳಿಯಲ್ಲಿ ಸುಮಾರು 500 ಪಿಎಸ್‌ಐ (ಒತ್ತಡದ ಅಳತೆ), 20 ಡಿಗ್ರಿಯಲ್ಲಿ 830ರ ಹತ್ತಿರ, 30 ಡಿಗ್ರಿ ದಾಟಿದರೆ ಸಾವಿರದ ಮೇಲೆ. ಅಮೆರಿಕದ ಉತ್ತರದ ರಾಜ್ಯವೊಂದರಲ್ಲಿ ನವೆಂಬರ್‌ನಲ್ಲಿ ಹಿತವಾಗಿ ಹೊಡೆಯುತ್ತಿದ್ದ ಮಾರ್ಕರ್, ಅದೇ ಸ್ಪ್ರಿಂಗ್‌ನೊಂದಿಗೆ ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲಿ ಬೇರೆಯದೇ ಯಂತ್ರದಂತೆ ಒದೆಯುತ್ತದೆ. ಬೇಗಬೇಗ ಹೊಡೆದರೆ ಟ್ಯಾಂಕ್ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಟ್ಯಾಂಕ್ ಬಾಗಿಸಿದಾಗ ದ್ರವವೇ ವಾಲ್ವ್‌ನೊಳಗೆ ನುಗ್ಗಿದರೆ ಒಂದು ಹೊಡೆತ ಇದ್ದಕ್ಕಿದ್ದಂತೆ ಜೋರಾಗುತ್ತದೆ. ಎಕ್ಸ್‌ಪ್ಯಾನ್ಷನ್ ಚೇಂಬರ್ ದ್ರವ ಆವಿಯಾಗಲು ಜಾಗ ಕೊಡುತ್ತದೆ, ಆಂಟಿ-ಸೈಫನ್ ಕೊಳವೆ ದ್ರವ ಬರದಂತೆ ನೋಡಿಕೊಳ್ಳುತ್ತದೆ. ಇವು ಏರಿಳಿತವನ್ನು ಕಡಿಮೆ ಮಾಡುತ್ತವೆ, ಒತ್ತಡವನ್ನು ಒಂದು ಅಂಕಿಯ ಮೇಲೆ ಹಿಡಿದು ನಿಲ್ಲಿಸುವುದಿಲ್ಲ.

ಎಚ್‌ಪಿಎ ಅಂದರೆ ಒತ್ತಿ ತುಂಬಿದ ಗಾಳಿ. 3000 ಅಥವಾ 4500 ಪಿಎಸ್‌ಐ ತನಕ ತುಂಬುತ್ತಾರೆ. ಟ್ಯಾಂಕಿನ ತಲೆಯಲ್ಲೇ ರೆಗ್ಯುಲೇಟರ್ ಇರುವುದರಿಂದ ಹೊರಗೆ ಬರುವುದು ಸುಮಾರು 850, ಲೋ ಪ್ರೆಷರ್ ಟ್ಯಾಂಕ್ ಆದರೆ 450. ಬೇಸಿಗೆಯಲ್ಲೂ ಚಳಿಯಲ್ಲೂ ಬಹುಮಟ್ಟಿಗೆ ಅಷ್ಟೇ. ಹೀಗೆ ಬರುವ ಗಾಳಿ ಸ್ಥಿರವಾಗಿದ್ದಾಗ ಮಾತ್ರ ಸ್ಪ್ರಿಂಗ್ ಬದಲಿಸಿದ್ದರಿಂದ ಏನಾಯಿತು ಎಂದು ನಂಬಿಕೆಯಿಂದ ಹೇಳಬಹುದು. ಲೋ ಪ್ರೆಷರ್ ಟ್ಯಾಂಕ್ ಸಿಕ್ಕಿತೆಂದು ಟಿಪ್‌ಮನ್ 98ಕ್ಕೆ ನೇರವಾಗಿ ಹಾಕಿದರೆ ಹ್ಯಾಮರ್ ಹಿಂದಕ್ಕೆ ಪೂರ್ತಿ ಹೋಗಿ ಕೂರುವುದಿಲ್ಲ. ಆ ಮಾರ್ಕರ್‌ಗೆ 850ರ ಟ್ಯಾಂಕ್ ಇರಲಿ, ಒತ್ತಡ ಇಳಿಸುವುದನ್ನು ನಡುವೆ ಕೂರಿಸುವ ರೆಗ್ಯುಲೇಟರ್ ಮಾಡಲಿ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ಯಾಂಕ್, ಅದರ ರೆಗ್ಯುಲೇಟರ್, ಒತ್ತಡ ಮೀರಿದರೆ ಒಡೆದು ಗಾಳಿ ಬಿಡುವ ಬರ್ಸ್ಟ್ ಡಿಸ್ಕ್ ಮನೆಯಲ್ಲಿ ಬಿಚ್ಚುವ ವಸ್ತುಗಳಲ್ಲ. ಅಮೆರಿಕದ ನಿಯಮದಂತೆ ಇಂಥ ಟ್ಯಾಂಕುಗಳಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು. ದಿನಾಂಕ ಮೀರಿದ ಟ್ಯಾಂಕನ್ನು ಒಳ್ಳೆಯ ಮೈದಾನದವರು ತುಂಬಿಕೊಡುವುದೂ ಇಲ್ಲ.

ಎರಡನೆಯದು: ವೇಗದ ಸ್ಕ್ರೂ, ರೆಗ್ಯುಲೇಟರ್, ಸ್ಪ್ರಿಂಗ್

ಇಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಟಿಪ್‌ಮನ್ 98 ಮತ್ತು ಹಳೆಯ ಸ್ಪೈಡರ್‌ಗಳು ಎರಡೂ ಬ್ಲೋಬ್ಯಾಕ್. ಆದರೆ ಗುಂಡಿನ ವೇಗ ಹೊಂದಿಸುವ ಸ್ಕ್ರೂ ಎರಡರಲ್ಲೂ ಒಂದೇ ಕೆಲಸ ಮಾಡುವುದಿಲ್ಲ.

ಸ್ಪೈಡರ್‌ನಲ್ಲಿ ಸ್ಕ್ರೂ ಹಿಂಬದಿಯಲ್ಲಿದೆ. ಒಳಕ್ಕೆ ತಿರುಗಿಸಿದರೆ ಹ್ಯಾಮರ್ ಸ್ಪ್ರಿಂಗ್ ಬಿಗಿಯಾಗುತ್ತದೆ, ಹ್ಯಾಮರ್ ಜೋರಾಗಿ ಬಡಿಯುತ್ತದೆ, ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ಗುಂಡಿನ ವೇಗ ಏರುತ್ತದೆ. ವೇಗದ ಜೊತೆಗೆ ಮುಂದಿನ ಜಗ್ಗಾಟವೂ ಏರುತ್ತದೆ. ಹಾಗಾಗಿ ಸ್ಪೈಡರ್‌ನಲ್ಲಿ ಒದೆತ ಇಳಿಸುವ ಮೊದಲ ಹೆಜ್ಜೆ ಈ ಸ್ಕ್ರೂವನ್ನು ಹೊರಕ್ಕೆ ತಿರುಗಿಸುವುದು. ವೇಗ ತೀರಾ ಕಡಿಮೆಯಾದರೆ ಕೊರತೆಯನ್ನು ಗಾಳಿಯ ಹರಿವಿನಿಂದ, ಅಂದರೆ ಹಗುರವಾದ ವಾಲ್ವ್ ಸ್ಪ್ರಿಂಗ್‌ನಿಂದ ಅಥವಾ ಸರಿಯಾದ ಅಳತೆಯ ಬ್ಯಾರೆಲ್‌ನಿಂದ ತುಂಬಿಕೊಳ್ಳಬೇಕು.

ಟಿಪ್‌ಮನ್ 98ರಲ್ಲಿ ಸ್ಕ್ರೂ ಪಕ್ಕದಲ್ಲಿದೆ, ಅದು ಸ್ಪ್ರಿಂಗನ್ನು ಮುಟ್ಟುವುದೇ ಇಲ್ಲ. ಗುಂಡಿನ ಕಡೆಗೆ ಹೋಗುವ ಗಾಳಿಯ ದಾರಿಯನ್ನು ಅಡ್ಡಗಟ್ಟುತ್ತದೆ. ಬಲಕ್ಕೆ ತಿರುಗಿಸಿದಷ್ಟೂ ದಾರಿ ಕಿರಿದಾಗಿ ಗುಂಡಿನ ವೇಗ ಇಳಿಯುತ್ತದೆ. ಮುಂದೆ ಹೋಗಲಾರದ ಗಾಳಿ ಹ್ಯಾಮರನ್ನು ಹಿಂದಕ್ಕೆ ಇನ್ನಷ್ಟು ಬಲವಾಗಿ ಎಸೆಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ, ಬಿಸಿಲಲ್ಲಿ ಕಾರ್ಬನ್ ಡೈಆಕ್ಸೈಡ್ ಟ್ಯಾಂಕ್ ತಗುಲಿಸಿ, ಸೆಕೆಂಡಿಗೆ 320 ಅಡಿ ತೋರಿಸಿದ ವೇಗವನ್ನು ಬರೀ ಈ ಸ್ಕ್ರೂವಿನಿಂದ 280ಕ್ಕೆ ಇಳಿಸಿದ ಮಾರ್ಕರನ್ನು ಊಹಿಸಿ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನ ಅಂಕಿ ಸರಿಯಾಗಿದೆ, ಭುಜಕ್ಕೆ ಬೀಳುವ ಗುದ್ದು ಮಾತ್ರ ಉಳಿದಿದೆ. ಎಷ್ಟೋ 98ಗಳ ಕಥೆ ಇದೇ.

ಆದ್ದರಿಂದ ಟಿಪ್‌ಮನ್‌ಗೆ ನಾನು ಸೂಚಿಸುವ ಕ್ರಮ ಬೇರೆ. ಟ್ಯಾಂಕ್ ಮತ್ತು ವಾಲ್ವ್ ನಡುವೆ ರೆಗ್ಯುಲೇಟರ್ ಇರಲಿ. ಪಾಮರ್ ಕಂಪನಿಯ ಸ್ಟೆಬಿಲೈಸರ್ ಇದಕ್ಕೆ ಹಳೆಯ, ನಂಬಿಕೆಯ ಹೆಸರು. ಕಾರ್ಖಾನೆಯ ಸ್ಪ್ರಿಂಗನ್ನು ವಾಪಸ್ ಹಾಕಿ. ರೆಗ್ಯುಲೇಟರ್ 850ರ ಆಸುಪಾಸಿನಲ್ಲಿರುವಾಗ ಪಕ್ಕದ ಸ್ಕ್ರೂವಿನಿಂದಲೇ ವೇಗವನ್ನು ಮಿತಿಯೊಳಗೆ ತನ್ನಿ. ಆಮೇಲೆ ಒತ್ತಡವನ್ನು 50 ಪಿಎಸ್‌ಐನಂತೆ ಇಳಿಸುತ್ತಾ ಬನ್ನಿ. ಪ್ರತಿ ಸಲವೂ ಕ್ರೋನೋಗ್ರಾಫ್ ಮುಂದೆ ಕೆಲವು ಗುಂಡು ಹೊಡೆದು, ಬಿದ್ದಷ್ಟು ವೇಗವನ್ನು ಮಾತ್ರ ಸ್ಕ್ರೂ ಬಿಚ್ಚಿ ಮರಳಿ ಪಡೆಯಿರಿ. ಒತ್ತಡ ಇಳಿದ ಹಾಗೆ ಸ್ಕ್ರೂ ತೆರೆದುಕೊಳ್ಳುತ್ತಾ ಹೋಗುತ್ತದೆ, ಒದೆತ ಮೆತ್ತಗಾಗುತ್ತಾ ಬರುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾರ್ಕರೇ ಹೇಳುತ್ತದೆ. ಒಂದು ಹಂತದಲ್ಲಿ ಹ್ಯಾಮರ್ ಪೂರ್ತಿ ಹಿಂದೆ ಹೋಗಿ ಸಿಯರ್‌ಗೆ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆಗೆ) ಸಿಕ್ಕಿಕೊಳ್ಳುವಷ್ಟು ಗಾಳಿ ಸಾಲುವುದಿಲ್ಲ. ಒಂದೇ ಸಲ ಟ್ರಿಗರ್ ಎಳೆದರೂ ಅದು ತಾನಾಗಿ ಹಿಂದೆ ಮುಂದೆ ಓಡಾಡುತ್ತಾ ದುರ್ಬಲ ಹೊಡೆತಗಳನ್ನು ಉಗುಳುತ್ತದೆ. ಇದು ಅಪಾಯದ ಲಕ್ಷಣ. ಕೂಡಲೇ ಟ್ಯಾಂಕ್ ಬಿಚ್ಚಿ, ಅಲ್ಲಿಂದ 50 ಅಥವಾ 100 ಪಿಎಸ್‌ಐ ಮೇಲಕ್ಕೆ ಹೋಗಿ ಅಲ್ಲಿಗೆ ಸಾಕು ಮಾಡಿ. ತಣ್ಣನೆಯ ಬೆಳಗ್ಗೆಯೂ ಟ್ಯಾಂಕ್ ಖಾಲಿಯಾಗುವ ಹೊತ್ತಿನಲ್ಲೂ ಮಾರ್ಕರ್ ನಡೆಯಬೇಕು, ಅಷ್ಟು ಅವಕಾಶ ಬಿಟ್ಟಿರಬೇಕು.

ಸ್ಪ್ರಿಂಗ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಗುರ ಸ್ಪ್ರಿಂಗ್ ಹಾಕಿದರೆ ಒದೆತ ಇಳಿದೇ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಸ್ಪ್ರಿಂಗ್ ಹ್ಯಾಮರನ್ನು ಮುಂದಕ್ಕೆ ತಳ್ಳುವುದಷ್ಟೇ ಅಲ್ಲ, ಹಿಂದಕ್ಕೆ ಬರುವ ಹ್ಯಾಮರನ್ನು ತಡೆಯುವುದೂ ಅದೇ. ಒತ್ತಡ 850ರಲ್ಲೇ ಇಟ್ಟು ಸ್ಪ್ರಿಂಗ್ ಮಾತ್ರ ಹಗುರ ಮಾಡಿದರೆ ಮುಂದಿನ ಜಗ್ಗಾಟ ಕಡಿಮೆಯಾಗುತ್ತದೆ, ಹಿಂದಿನ ಗುದ್ದು ಜಾಸ್ತಿಯಾಗಬಹುದು. ಮೊದಲು ಒತ್ತಡ, ಅದರ ಹಿಂದೆ ಸ್ಪ್ರಿಂಗ್: ಕ್ರಮ ತಿರುವುಮುರುವು ಆಗಬಾರದು.

ಹಣದ ಲೆಕ್ಕದಲ್ಲಿ ಸ್ಪ್ರಿಂಗ್ ಸೆಟ್ ಅಗ್ಗ, ರೆಗ್ಯುಲೇಟರ್ ದುಬಾರಿ. ಒಂದನ್ನಷ್ಟೇ ಕೊಳ್ಳುವ ಶಕ್ತಿ ಇದೆ ಎಂದಾದರೆ ಟಿಪ್‌ಮನ್‌ನವರು ರೆಗ್ಯುಲೇಟರ್ ಕೊಳ್ಳಲಿ, ಸ್ಪೈಡರ್‌ನವರು ಸ್ಪ್ರಿಂಗ್ ಸೆಟ್ ಕೊಳ್ಳಲಿ. ಸ್ಪೈಡರ್‌ಗೆ ಮಾರುವ ಮುಂಭಾಗದ ಲೋ ಪ್ರೆಷರ್ ಚೇಂಬರ್ ವಾಲ್ವ್ ಮುಂದೆ ಹೆಚ್ಚು ಗಾಳಿ ಹಿಡಿದಿಡುತ್ತದೆ ಅಷ್ಟೆ. ಒತ್ತಡ ನಿಜಕ್ಕೂ ಇಳಿಸಿದ್ದರೆ ಉಪಯೋಗವಿದೆ. 850 ಪಿಎಸ್‌ಐನಲ್ಲೇ ಓಡಿಸುತ್ತಾ ಅದನ್ನು ಕೊಂಡರೆ ಒದೆತದಲ್ಲಿ ಏನೂ ಬದಲಾಗುವುದಿಲ್ಲ.

ಹಗುರ ಹ್ಯಾಮರ್, ಹಗುರ ಬೋಲ್ಟ್

ಓಡಾಡುವ ತೂಕ ಕಡಿಮೆಯಾದರೆ ಒದೆತ ಕಡಿಮೆಯಾಗಬೇಕಲ್ಲ? ಬೋಲ್ಟ್ ಮಟ್ಟಿಗೆ ಹೌದು. ಸ್ಪೈಡರ್‌ನ ಲೋಹದ ಬೋಲ್ಟ್ ತೆಗೆದು ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಬೋಲ್ಟ್ ಹಾಕುವುದು ಒಳ್ಳೆಯ ಬದಲಾವಣೆ. ಹಗುರ, ನುಣುಪು, ಕಡಿಮೆ ಎಣ್ಣೆಯಲ್ಲಿ ಓಡುತ್ತದೆ.

ಹ್ಯಾಮರ್ ವಿಷಯ ಹಾಗಲ್ಲ. ವಾಲ್ವ್ ತೆರೆಯಲು ಹ್ಯಾಮರ್‌ಗೆ ಇಂತಿಷ್ಟು ಬಲ ಇರಲೇಬೇಕು. ತೂಕ ಕೊರೆದು ತೆಗೆದರೆ ಆ ಬಲವನ್ನು ವೇಗದಿಂದ ತರಬೇಕಾಗುತ್ತದೆ, ಅಂದರೆ ಗಟ್ಟಿ ಸ್ಪ್ರಿಂಗ್. ಕೊನೆಗೆ ಒದೆತ ಇದ್ದಲ್ಲಿಗೇ ಬಂದು ನಿಲ್ಲುತ್ತದೆ, ಜೊತೆಗೆ ಹಗುರ ಹ್ಯಾಮರ್ ಹಿಂದಕ್ಕೂ ಬೇಗ ಹಾರಿ ಮುಚ್ಚಳಕ್ಕೆ ಬಡಿಯುತ್ತದೆ. ಒತ್ತಡ ಇಳಿಸಿ ವಾಲ್ವ್ ಸುಲಭವಾಗಿ ತೆರೆಯುವಂತೆ ಮಾಡಿದ ನಂತರ ಹಗುರ ಹ್ಯಾಮರ್‌ಗೆ ಅರ್ಥವಿದೆ. ಅದಕ್ಕೆ ಮೊದಲು ಇಲ್ಲ. ನಿಮ್ಮ ಕೈಗೆ ಬಂದ ಮಾರ್ಕರ್‌ನಲ್ಲಿ ಹಗುರ ಹ್ಯಾಮರ್ ಮತ್ತು ಗಟ್ಟಿ ಸ್ಪ್ರಿಂಗ್ ಜೊತೆಯಾಗಿ ಕೂತಿದ್ದರೆ, ಎರಡನ್ನೂ ತೆಗೆದು ಕಾರ್ಖಾನೆಯ ಭಾಗ ಹಾಕಿ ನೋಡಿ. ಹೊಸದೇನೂ ಕೊಳ್ಳದೆ ಮಾಡಬಹುದಾದ ಪ್ರಯೋಗ ಇದು.

ಹಿಂಬದಿಯ ಮೆತ್ತೆ, ಅಂದರೆ ಬಂಪರ್ ಅಥವಾ ಓ-ರಿಂಗ್, ಬಡಿತದ ಚೂಪನ್ನು ಮೊಂಡಾಗಿಸುತ್ತದೆ. ಒಟ್ಟು ತಳ್ಳುವಿಕೆ ಅಷ್ಟೇ ಇರುತ್ತದೆ, ಹೆಚ್ಚು ಹೊತ್ತಿನ ಮೇಲೆ ಹರಡುತ್ತದೆ. ಕೈಗೆ ಅದೂ ದೊಡ್ಡ ನೆಮ್ಮದಿ. ಹಳೆಯ ಮಾರ್ಕರ್‌ಗಳಲ್ಲಿ ಇದು ಒಣಗಿ ಕಲ್ಲಾಗಿರುತ್ತದೆ, ಇಲ್ಲವೇ ಹಿಂದಿನವರು ಬಿಚ್ಚಿದಾಗ ಕಳೆದುಹೋಗಿರುತ್ತದೆ. ಮೊದಲು ಇದನ್ನು ನೋಡಿ. ಆದರೆ ದಪ್ಪ ಮೆತ್ತೆ ಹಾಕುವ ಆಸೆಗೆ ಬೀಳಬೇಡಿ. ಹ್ಯಾಮರ್ ಸಿಯರ್ ದಾಟುವಷ್ಟು ಹಿಂದೆ ಹೋಗಲು ಜಾಗವೇ ಉಳಿಯದಿದ್ದರೆ ಮೇಲೆ ಹೇಳಿದ ತಾನಾಗಿ ಹೊಡೆಯುವ ತೊಂದರೆ ಶುರುವಾಗುತ್ತದೆ.

ಎಣ್ಣೆಯೂ ಇದೇ ಸಾಲಿಗೆ ಸೇರಿದ್ದು. ಒಣಗಿದ ಓ-ರಿಂಗ್ ಉಜ್ಜಾಟ ಹೆಚ್ಚಿಸುತ್ತದೆ, ವೇಗ ಇಳಿಯುತ್ತದೆ, ಮಾಲೀಕರು ಸ್ಪ್ರಿಂಗ್ ಬಿಗಿ ಮಾಡುತ್ತಾರೆ, ಒದೆತ ಏರುತ್ತದೆ. ನಾಲ್ಕು ಹನಿ ಪೇಂಟ್‌ಬಾಲ್ ಎಣ್ಣೆಯಿಂದ ನಿಲ್ಲಬಹುದಾದ ಸರಪಳಿ.

ಬ್ಯಾರೆಲ್ ಮತ್ತು ತೂಕ ಹಂಚಿಕೆ

ಗುಂಡಿಗಿಂತ ಬ್ಯಾರೆಲ್ ಸಡಿಲವಾಗಿದ್ದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ಅದೇ ವೇಗಕ್ಕೆ ಹೆಚ್ಚು ಗಾಳಿ ಬೇಕಾಗುತ್ತದೆ. ಬ್ಯಾರೆಲ್ ಬಿಚ್ಚಿ ಗುಂಡನ್ನು ಒಳಗಿಟ್ಟು ನೋಡಿ: ತಾನಾಗಿ ಜಾರಬಾರದು, ಬಾಯಿಂದ ಊದಿದರೆ ಹೊರಬರಬೇಕು. ಬೇರೆ ಬೇರೆ ಅಳತೆಯ ಒಳಕೊಳವೆಗಳ ಸೆಟ್‌ಗಳು, ಸ್ಮಾರ್ಟ್ ಪಾರ್ಟ್ಸ್‌ನ ಫ್ರೀಕ್ ಥರದವು, ಇದಕ್ಕಾಗಿಯೇ ಇರುವುದು. ಇದರಿಂದ ಒದೆತ ತಾನಾಗಿ ಇಳಿಯುವುದಿಲ್ಲ; ಒತ್ತಡ ಇನ್ನೊಂದಿಷ್ಟು ಇಳಿಸಲು ಅವಕಾಶ ಸಿಗುತ್ತದೆ. ಬಂದೂಕಿನ ಮೂತಿಗೆ ಹಾಕುವ ಬ್ರೇಕ್‌ನಂತೆ ಕಾಣುವ ಅಲಂಕಾರಗಳು ಇಲ್ಲಿ ಕೆಲಸಕ್ಕೆ ಬಾರವು, ಮೂತಿಯಿಂದ ಹೊರಬರುವ ಗಾಳಿಗೆ ಅಷ್ಟು ಬಲವೇ ಇಲ್ಲ. ಬ್ಯಾರೆಲ್ ಮೇಲಿನ ರಂಧ್ರಗಳು ಸದ್ದು ಕಡಿಮೆ ಮಾಡುತ್ತವೆ, ತೀರಾ ಹೆಚ್ಚಿದ್ದರೆ ಗಾಳಿ ಜಾಸ್ತಿ ಕೇಳುತ್ತವೆ.

ತೂಕದ ವಿಷಯವನ್ನು ಹೆಚ್ಚಿನವರು ತಪ್ಪು ದಿಕ್ಕಿನಲ್ಲಿ ಯೋಚಿಸುತ್ತಾರೆ. ಹೊತ್ತು ಓಡಾಡಲು ಹಗುರ ಮಾರ್ಕರ್ ಹಿತ, ಒದೆತಕ್ಕೆ ಭಾರದ ಮಾರ್ಕರ್ ಹಿತ. ಟ್ಯಾಂಕನ್ನು ಬೆನ್ನಿಗೆ ಕಟ್ಟಿ ಸುರುಳಿ ಕೊಳವೆಯಲ್ಲಿ ಗಾಳಿ ತರುವ ರಿಮೋಟ್ ಲೈನ್ ಹಾಕಿದರೆ ಮಾರ್ಕರ್‌ನಿಂದ ಒಂದು ಕೆಜಿಗೂ ಹೆಚ್ಚು ತೂಕ ಕಳೆದುಹೋಗುತ್ತದೆ, ಹಿಂದೆ ಭುಜಕ್ಕೆ ಆನಿಸಲು ಟ್ಯಾಂಕೂ ಇರುವುದಿಲ್ಲ. ಅದೇ ಹ್ಯಾಮರ್ ಈಗ ಹಗುರವಾದ ಮೈಯನ್ನು ಅಲುಗಾಡಿಸುತ್ತದೆ. ರಿಮೋಟ್ ಬೇಕೇ ಬೇಕು ಎನ್ನುವವರು ಭುಜಕ್ಕೆ ಆನುವ ಸ್ಟಾಕ್ ಹಾಕಿಕೊಳ್ಳಲಿ, ಮಾಸ್ಕ್ ಧರಿಸಿಯೇ ಅದರ ಉದ್ದ ನೋಡಿಕೊಳ್ಳಲಿ. ಮೂತಿ ಏಳುವುದೇ ಮುಖ್ಯ ತೊಂದರೆಯಾದರೆ ಕಾರ್ಬನ್ ಫೈಬರ್ ಬ್ಯಾರೆಲ್ ಬದಲು ಅಲ್ಯೂಮಿನಿಯಂ ಬ್ಯಾರೆಲ್ ಒಳ್ಳೆಯದು, ಮುಂದಿನ ತೂಕ ಮೂತಿಯನ್ನು ಕೆಳಗೆ ಹಿಡಿಯುತ್ತದೆ. ಬೆಂಗಳೂರಿನ ಹೊರವಲಯದ ಮೈದಾನಗಳಲ್ಲಿ ಬಾಡಿಗೆ ಮಾರ್ಕರ್ ಹಿಡಿಯುವವರಿಗೂ ಇಷ್ಟು ಸಾಧ್ಯ: ಸ್ಕ್ರೂ ಮುಟ್ಟುವಂತಿಲ್ಲ, ಆದರೆ ಟ್ಯಾಂಕಿನ ತಳವನ್ನು ಭುಜದ ಗುಳಿಗೆ ಆನಿಸಿ, ಮುಂದಿನ ಕೈಯನ್ನು ಸಾಧ್ಯವಾದಷ್ಟು ಮುಂದಿಟ್ಟು ಹಿಡಿದರೆ ಅದೇ ಮಾರ್ಕರ್ ಅರ್ಧ ಸೌಮ್ಯವಾಗುತ್ತದೆ.

ಆಟೋಕಾಕರ್ ಇದ್ದವರಿಗೆ

ಬಡ್ ಓರ್ ಅವರ ವರ್ ಗೇಮ್ ಪ್ರಾಡಕ್ಟ್ಸ್ ತನ್ನ ಸ್ನೈಪರ್ ಎಂಬ, ಪ್ರತಿ ಗುಂಡಿಗೂ ಕೈಯಿಂದ ಕಾಕ್ ಮಾಡುವ ಪಂಪ್ ಮಾರ್ಕರ್‌ನಿಂದ ಬೆಳೆಸಿದ್ದು ಆಟೋಕಾಕರ್. ಇದರ ಒದೆತದ ಸ್ವಭಾವವೇ ಬೇರೆ. ಬೋಲ್ಟ್ ಮುಚ್ಚಿದ ಸ್ಥಿತಿಯಲ್ಲೇ ಗುಂಡು ಹೊರಡುತ್ತದೆ. ಹ್ಯಾಮರನ್ನೂ ಬೋಲ್ಟನ್ನೂ ಹಿಂದಕ್ಕೆಳೆಯುವ ರ‍್ಯಾಮ್ ಕೆಲಸ ಮಾಡುವುದು ಗುಂಡು ಬ್ಯಾರೆಲ್ ಬಿಟ್ಟ ಮೇಲೆ. ಹಾಗಾಗಿ ಈ ಹೊಡೆತದ ಗುರಿ ಕೆಡುವುದಿಲ್ಲ, ಮುಂದಿನ ಹೊಡೆತಕ್ಕೆ ಮೂತಿ ಅಲುಗಾಡುತ್ತಿರುತ್ತದೆ.

ಇಲ್ಲಿ ಎರಡು ಒತ್ತಡಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ರ‍್ಯಾಮ್ ನಡೆಸುವ ಸಣ್ಣ ರೆಗ್ಯುಲೇಟರ್, ಎಲ್‌ಪಿಆರ್, ಮುಂಭಾಗದಲ್ಲಿದೆ. ಮಾರ್ಕರ್‌ನ ಹಿಂಬದಿಯ ಬ್ಯಾಕ್ ಬ್ಲಾಕ್ ಪಟಾರನೆ ಹಿಂದೆ ಬಡಿಯುತ್ತಿದ್ದರೆ ಎಲ್‌ಪಿಆರ್ ಜಾಸ್ತಿ ಇದೆ ಎಂದರ್ಥ. ಸ್ವಲ್ಪ ಸ್ವಲ್ಪವೇ ಇಳಿಸಿ, ಟ್ರಿಗರನ್ನು ಬೇಕೆಂದೇ ನಿಧಾನವಾಗಿ ಎಳೆದು ಪ್ರತಿ ಸಲವೂ ಪೂರ್ತಿ ಕಾಕ್ ಆಗುತ್ತದೆಯೇ ನೋಡಿ. ಆಗದ ಹಂತಕ್ಕಿಂತ ಒಂದಿಷ್ಟು ಮೇಲೆ ನಿಲ್ಲಿಸಿ. ಬ್ಯಾಕ್ ಬ್ಲಾಕ್ ಮತ್ತು ಬೋಲ್ಟ್ ಹಗುರ ಮಾಡುವುದು ಇಲ್ಲಿ ನಿಜವಾಗಿ ಫಲ ಕೊಡುತ್ತದೆ, ಯಾಕೆಂದರೆ ಅವು ವಾಲ್ವ್ ತೆರೆಯುವ ಕೆಲಸದಲ್ಲಿ ಇಲ್ಲ.

ಎರಡನೆಯದು ಗುಂಡಿಗೆ ಗಾಳಿ ಕೊಡುವ ಮುಖ್ಯ ರೆಗ್ಯುಲೇಟರ್. ಇದನ್ನು ಕೆಳಗಿನಿಂದ ಮೇಲೇರಿಸುತ್ತಾ ಹೋದರೆ ಗುಂಡಿನ ವೇಗ ಏರುತ್ತದೆ, ಒಂದು ತುದಿ ಮುಟ್ಟಿ ಮತ್ತೆ ಇಳಿಯತೊಡಗುತ್ತದೆ. ಒತ್ತಡವೇ ವಾಲ್ವನ್ನು ಮುಚ್ಚಿ ಹಿಡಿಯಲು ಶುರುಮಾಡಿರುತ್ತದೆ. ಆ ತುದಿಯ ಸ್ವಲ್ಪ ಕೆಳಗೆ ನಿಲ್ಲಿಸುವುದಕ್ಕೆ ಆಟಗಾರರು ಸ್ವೀಟ್ ಸ್ಪಾಟ್ ಎನ್ನುತ್ತಾರೆ. ವೇಗ ಮಿತಿ ಮೀರಿದ್ದರೆ ಸ್ಪ್ರಿಂಗ್ ಸಡಿಲಿಸಿ, ಮತ್ತೆ ತುದಿ ಹುಡುಕಿ. ಎರಡು ಮೂರು ಸುತ್ತು ಆದ ಮೇಲೆ ಸ್ಪ್ರಿಂಗ್ ಎಷ್ಟು ಸಾಧ್ಯವೋ ಅಷ್ಟು ಹಗುರವಾಗಿರುತ್ತದೆ, ಅದರ ಜೊತೆ ಹ್ಯಾಮರ್‌ನ ಜಗ್ಗಾಟವೂ. ತಾಳ್ಮೆ ಬೇಡುವ ಕೆಲಸ, ಆದರೆ ಸರಿಹೊಂದಿದ ಆಟೋಕಾಕರ್ ಕೈಯಲ್ಲಿ ಕೊಡುವ ಹಿತ ಯಾವ ಬ್ಲೋಬ್ಯಾಕಿಗೂ ಬರುವುದಿಲ್ಲ. ಟ್ಯೂನಿಂಗ್ ಇಷ್ಟಪಡುವವರಿಗೆ ನಾನು ಯೋಚಿಸದೆ ಸೂಚಿಸುವ ಮಾರ್ಕರ್ ಇದು.

ಎಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ

ಎಲೆಕ್ಟ್ರಾನಿಕ್ ಪಾಪೆಟ್ ಮಾರ್ಕರ್‌ಗಳಲ್ಲಿ (ಬಡಿದು ತೆರೆಯುವ ವಾಲ್ವ್ ಇರುವವು), ಪ್ಲಾನೆಟ್ ಎಕ್ಲಿಪ್ಸ್ ಈಗೋ ಥರದವುಗಳಲ್ಲಿ, ರ‍್ಯಾಮ್ ನಡೆಸುವ ಎಲ್‌ಪಿಆರ್ ಮೊದಲ ಅಪರಾಧಿ. ಅದನ್ನು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡಿನ ವೇಗ ಬೀಳುತ್ತಿದೆಯೇ ಎಂದು ಕ್ರೋನೋಗ್ರಾಫ್‌ನಲ್ಲಿ ನೋಡಿ. ಬಿದ್ದರೆ ಇಳಿಸಿದ್ದು ಅತಿಯಾಯಿತು. ಗಾಳಿ ಬಿಡುವ ಹೊತ್ತನ್ನು ಹೊಂದಿಸುವ, ಮಿಲಿಸೆಕೆಂಡ್ ಲೆಕ್ಕದ ಡ್ವೆಲ್ ಸೆಟ್ಟಿಂಗ್ ಅಗತ್ಯಕ್ಕಿಂತ ಉದ್ದವಿದ್ದರೆ ಗಾಳಿ ವ್ಯರ್ಥ. ಟ್ರಿಗರ್ ತೀರಾ ಹಗುರ ಮಾಡಿದವರು ಇನ್ನೊಂದು ವಿಷಯ ಗಮನಿಸಬೇಕು: ಒದೆತದಿಂದಲೇ ಬೆರಳು ಮತ್ತೆ ತಗುಲಿ ಒಂದರ ಬದಲು ಎರಡು ಗುಂಡು ಹಾರಬಹುದು. ಮೈದಾನದ ರೆಫರಿ ಅದನ್ನು ನಿಯಮ ಮೀರಿದ್ದೆಂದೇ ನೋಡುತ್ತಾರೆ. ಒಂದು ಎಳೆತವನ್ನು ಎರಡೆಂದು ಎಣಿಸದಂತೆ ತಡೆಯುವ ಡಿಬೌನ್ಸ್ ಸೆಟ್ಟಿಂಗ್ ಏರಿಸಿ, ಟ್ರಿಗರ್ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿ.

ಮಾರ್ಕರನ್ನೇ ಬದಲಿಸುವುದು

ಒಂದು ಹಂತದಲ್ಲಿ ಲೆಕ್ಕ ಹಾಕಲೇಬೇಕು. ರೆಗ್ಯುಲೇಟರ್, ಡೆಲ್ರಿನ್ ಬೋಲ್ಟ್, ಬ್ಯಾರೆಲ್ ಸೆಟ್ ಎಲ್ಲ ಸೇರಿಸಿದ ಬ್ಲೋಬ್ಯಾಕ್‌ಗೆ ಆಗುವ ಖರ್ಚಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೂಲ್ ವಾಲ್ವ್ ಮಾರ್ಕರ್ ಸಿಗಬಹುದು. ಸ್ಪೂಲ್‌ನಲ್ಲಿ ಹ್ಯಾಮರ್ ಇಲ್ಲವೇ ಇಲ್ಲ. ಬೋಲ್ಟೇ ವಾಲ್ವ್, ಅದನ್ನು ನಡೆಸುವುದು ಗಾಳಿ. ಡೈ ಮ್ಯಾಟ್ರಿಕ್ಸ್, ಎಕ್ಲಿಪ್ಸ್ ಜಿಟೆಕ್ ಈ ಜಾತಿಯವು. ಗಾಮಾ ಕೋರ್ ಎಂಬ ಬೋಲ್ಟ್ ಇರುವ ಎಕ್ಲಿಪ್ಸ್ ಮಾರ್ಕರ್‌ಗಳು ಸುಮಾರು 135 ಪಿಎಸ್‌ಐನಲ್ಲಿ ಓಡುತ್ತವೆ. 850ರ ಪಕ್ಕದಲ್ಲಿಟ್ಟು ನೋಡಿದರೆ ಒದೆತ ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಬ್ಯಾಟರಿ ಬೇಡ, ಮೆಕ್ಯಾನಿಕಲ್ ಮಾರ್ಕರೇ ಬೇಕು ಎನ್ನುವವರಿಗೆ ಅದೇ ಬೋಲ್ಟ್ ಇರುವ ಎಮೆಕ್ ಇದೆ. ಹಳೆಯ 98ಕ್ಕೆ ಮೂರನೇ ಸಲ ದುಡ್ಡು ಹಾಕಲು ಹೊರಟವರಿಗೆ ನನ್ನ ನೇರ ಸಲಹೆ ಎಮೆಕ್. ಬದಲಿಗೆ ಬಿಟ್ಟುಕೊಡುವುದು ಸ್ವಲ್ಪ ಗಾಳಿಯ ಉಳಿತಾಯ, ಕೊಡಬೇಕಾದದ್ದು ಹೆಚ್ಚಿನ ಆರೈಕೆ. ಸ್ಪೂಲ್ ಬೋಲ್ಟ್‌ಗೆ ಎಣ್ಣೆ ಹನಿಸಿ ಬಿಟ್ಟರೆ ಆಗದು, ಬಿಚ್ಚಿ ಒರೆಸಿ ಗ್ರೀಸ್ ಹಚ್ಚಬೇಕು.

ಪಂಪ್ ಮಾರ್ಕರನ್ನೂ ಮರೆಯಬಾರದು. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ ಮೊದಲ ಪೇಂಟ್‌ಬಾಲ್ ಆಟ ನಡೆದದ್ದು ಮರಗಳಿಗೆ ಗುರುತು ಹಾಕಲು ಬಳಸುತ್ತಿದ್ದ ನೆಲ್‌ಸ್ಪಾಟ್ 007 ಪಿಸ್ತೂಲುಗಳಲ್ಲಿ. ಅವುಗಳಲ್ಲಿ ತಾನಾಗಿ ಹಿಂದಕ್ಕೆ ಹಾರುವ ಭಾಗವೇ ಇರಲಿಲ್ಲ, ಪ್ರತಿ ಗುಂಡಿಗೂ ಕೈಯಿಂದಲೇ ಕಾಕ್ ಮಾಡಬೇಕಿತ್ತು. ಇಂದಿನ ಸಿಸಿಐ ಫ್ಯಾಂಟಮ್ ಥರದ ಪಂಪ್‌ಗಳಲ್ಲೂ ಹ್ಯಾಮರ್‌ನ ಮುಂದಿನ ಸಣ್ಣ ಬಡಿತವಷ್ಟೇ ಉಳಿದಿದೆ. ನಿಧಾನವಾಗಿ, ಗುರಿಯಿಟ್ಟು ಹೊಡೆಯುವುದೇ ನಿಮ್ಮ ಆಟವಾದರೆ ಟ್ಯೂನಿಂಗ್‌ನ ಗೋಜೇ ಬೇಡ.

ಯಾವ ದಾರಿ ಹಿಡಿದರೂ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಂಕಿ ಬರೆದಿಟ್ಟುಕೊಳ್ಳಿ, ಆಡುವ ಮುಂಚೆ ಮತ್ತೆ ಕ್ರೋನೋಗ್ರಾಫ್ ಮುಂದೆ ನಿಲ್ಲಿ. ಮೈದಾನಗಳ ಗರಿಷ್ಠ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ, ಹಲವು ಕಡೆ 280. ಹೊಸ ಸ್ಪ್ರಿಂಗ್ ಇದನ್ನು ಸದ್ದಿಲ್ಲದೆ ದಾಟಿಸಿಬಿಡಬಲ್ಲದು, ಮತ್ತು ಎದುರಿಗಿರುವವರ ಕಣ್ಣನ್ನು ಕಾಯುವುದು ಅವರ ಮಾಸ್ಕ್ ಒಂದೇ.

ಇನ್ನು ಟ್ಯಾಂಕಿನ ವಿಷಯ. ಎಮೆಕ್, ಜಿಟೆಕ್ ಥರದವು ಎಚ್‌ಪಿಎಯಲ್ಲಿ ಮಾತ್ರ ಓಡುತ್ತವೆ. ನಿಮ್ಮ ಹತ್ತಿರದ ಮೈದಾನದಲ್ಲಿ ಕಾರ್ಬನ್ ಡೈಆಕ್ಸೈಡ್ ಅಷ್ಟೇ ತುಂಬಿಸುತ್ತಾರೆ ಎಂದಾದರೆ ಆ ಬಾಗಿಲು ಸದ್ಯಕ್ಕೆ ಮುಚ್ಚಿದ ಹಾಗೆ. ಆಗ ಕಾರ್ಬನ್ ಡೈಆಕ್ಸೈಡ್ ತಡೆದುಕೊಳ್ಳುವ ರೆಗ್ಯುಲೇಟರ್, ಆಂಟಿ-ಸೈಫನ್ ಟ್ಯಾಂಕ್, ಕಾರ್ಖಾನೆಯ ಸ್ಪ್ರಿಂಗ್, ಹೊಸ ಬಂಪರ್ ಇರುವ ಟಿಪ್‌ಮನ್ 98ನ್ನೇ ಇಟ್ಟುಕೊಳ್ಳಿ. ಬಿಸಿಲೇರಿದ ಮೇಲೆ ಆಡುವುದಾದರೆ ಟ್ಯಾಂಕನ್ನು ನೆರಳಲ್ಲಿಡಿ, ಮಧ್ಯಾಹ್ನದ ಮೊದಲ ಆಟಕ್ಕೆ ಮುಂಚೆ ವೇಗವನ್ನು ಮತ್ತೊಮ್ಮೆ ಅಳೆಯಿರಿ.